ಎತ್ತಿಟ್ಟ ಬ್ಯಾಟರಿ

“ಹೊಸ ಬ್ಯಾಟರಿ ಹಾಕೋಣ ಕಣೋ. ಹಳೇದ್ರಲ್ಲಿ ಅರ್ಧ ಚಾರ್ಜೂ ಇಲ್ಲ,” ಎಂದಳು ವಾರಿಜಾ. ಚೆಂಡೆಸೆಯುವ ರೋಬೋಟ್‌ಗಳ ಸೆಮಿಫೈನಲ್‌ಗೆ ಐದೇ ನಿಮಿಷ ಉಳಿದಿತ್ತು.

ತಂಡದ ನಾಯಕ ಕೀರ್ತನ್, ಕುಂಕುಮ ಹಚ್ಚಿ ಎತ್ತಿಟ್ಟಿದ್ದ ಬ್ಯಾಟರಿಯನ್ನು ಮುಟ್ಟಗೊಡಲಿಲ್ಲ. “ಅದು ಫೈನಲ್‌ಗೆ. ಮೋಟರ್ ಪವರ್ ಕಮ್ಮಿ ಮಾಡು, ಹೆಂಗೋ ಎಳ್ಕೊಂಡು ಹೋಗತ್ತೆ.”

ಅವಳು ಕಮ್ಮಿ ಮಾಡಿದಳು. ಕೊನೆಯ ನಿಮಿಷದಲ್ಲಿ ರೋಬೋಟ್ ಏದುಸಿರು ಬಿಟ್ಟಿತು. ಚೆಂಡುಗಳು ಬುಟ್ಟಿಯ ಅಂಚನ್ನೂ ಮುಟ್ಟದೆ ಉದುರಿದವು. ಒಂದೇ ಚೆಂಡಿನಿಂದ ಸೋತರು. ಓದು ಮುಗಿಯುವ ವರ್ಷ; ಇನ್ನೊಂದು ಅವಕಾಶವಿರಲಿಲ್ಲ.

ಸಾಮಾನು ಕಟ್ಟುತ್ತಿದ್ದಾಗ ಗೆದ್ದ ತಂಡದ ಹುಡುಗಿ ಹಿಂಜರಿಯುತ್ತ ಬಂದಳು. “ನಮ್ ಬ್ಯಾಟರಿ ಕೈಕೊಡ್ತು. ನಿಮ್ಮತ್ರ ಹೊಸದಿದ್ಯಂತಲ್ಲ?”

ಕೀರ್ತನ್ ನೆಲ ನೋಡಿದ. ವಾರಿಜಾ ಕುಂಕುಮದ ಬ್ಯಾಟರಿಯನ್ನು ಅವಳ ಕೈಗಿಟ್ಟಳು.

“ತಗೊಳ್ಳಿ. ಫೈನಲ್‌ಗೆ ಅಂತಾನೇ ಇಟ್ಟಿದ್ವಿ.”