ಬೇಡ ಎಂದ ಒಂದು ಚೀಟಿ

ಐವತ್ತೊಂದನೆಯ ಇಸವಿಯಲ್ಲಿ ಅಮೆರಿಕದ ಒಂದು ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತು. ದಕ್ಷಿಣದ ಊರೊಂದರಿಂದ ದೊಡ್ಡ ಪಂದ್ಯಕ್ಕೆ ಕರೆ ಬಂತು. ಷರತ್ತು ಒಂದೇ, ಕಪ್ಪು ಬಣ್ಣದವರನ್ನು ಕರೆತರಕೂಡದು. ತಂಡದಲ್ಲಿ ಕಪ್ಪು ಬಣ್ಣದ ಹುಡುಗ ಒಬ್ಬನೇ ಇದ್ದ.

"ಹೋಗೋದೋ ಬಿಡೋದೋ, ನೀವೇ ಬರೆದು ಹಾಕಿ. ಹೆಸರು ಬೇಡ," ಎಂದು ಕೋಚ್ ಅವನನ್ನೂ ಸೇರಿಸಿ ಮೂವತ್ತಮೂರು ಜನಕ್ಕೂ ಚೀಟಿ ಹಂಚಿದರು.

"ನಿನ್ನ ಬಿಟ್ಟು ಹೋಗ್ತೀವೇನೋ, ಪೆದ್ದ?" ಎಂದು ಕ್ಯಾಪ್ಟನ್ ಅವನ ಬೆನ್ನಿಗೆ ಗುದ್ದಿದ.

ಎಲ್ಲರೂ ಚೀಟಿ ಹಾಕಿದ್ದ ಆಟದ ಹೆಲ್ಮೆಟ್ಟಿನೊಳಗಿಂದ ಒಂದೊಂದೇ ತೆಗೆದು ಕೋಚ್ ಓದಿದರು. ಹೋಗೋಣ, ಹೋಗೋಣ, ಹೋಗೋಣ. ಒಂದರಲ್ಲಿ ಮಾತ್ರ 'ಬೇಡ' ಎಂದಿತ್ತು. ಯಾರೂ ತಲೆಯೆತ್ತಲಿಲ್ಲ.

ಆಮೇಲೆ ಕ್ಯಾಪ್ಟನ್ ಅವನನ್ನು ಬಾಗಿಲಲ್ಲೇ ತಡೆದ. "ಯಾರಿಗೂ ಹೇಳಬೇಡ ಕಣೋ. ಆ ಒಂದು ಚೀಟಿ ನಂದು."

ಬೂಟು ಬಿಚ್ಚುವಾಗ ಪಕ್ಕದವನು ಬಗ್ಗಿ, "ಅದು ನಂದು ಕಣೋ," ಎಂದು ಪಿಸುಗುಟ್ಟಿದ. ಗೇಟಿನ ಹತ್ತಿರ ಮೂರನೆಯವನೊಬ್ಬ ಕಾದು ನಿಂತು ಅದನ್ನೇ ಹೇಳಿದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು.

"ನೀನೇ ಅಂತ ಗೊತ್ತಿತ್ತು ಬಿಡೋ," ಎಂದು ಮೂವರಿಗೂ ಬೇರೆ ಬೇರೆಯಾಗಿ ಕೈ ಹಿಡಿದು ಹೇಳಿದನೇ ಹೊರತು, ಆ ಚೀಟಿ ಬರೆದದ್ದು ತಾನೇ ಎಂದು ಅವನು ಯಾರಿಗೂ ಹೇಳಲಿಲ್ಲ.