ಕರಿ ಕೋಟು, ನೀಲಿ ಹಿನ್ನೆಲೆ

ಲ್ಯೂ ಜನ್ಮದಲ್ಲಿ ಒಮ್ಮೆಯೂ ದೀಪ ಆರಿಸದೆ ಕೋಣೆ ಬಿಟ್ಟವಳಲ್ಲ. ಆ ದಿನ ಮಾತ್ರ ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಏಡಿ ತರಲು ಮಾರುಕಟ್ಟೆಗೆ ಹೋಗಿದ್ದಳು. ಹಾಡು ಗುನುಗುತ್ತ ಒಳಗೆ ಬಂದ ಗಂಡ ತ್ವಾನ್ ಪರದೆಯ ಮುಂದೆ ಗಕ್ಕನೆ ನಿಂತ.

ಪರದೆಯ ಮೇಲೆ ಅವನೇ ಇದ್ದ. ಕರಿ ಕೋಟು, ಬಿಳಿ ಅಂಗಿ, ಕೊರಳಿಗೆ ಟೈ. ಹಿಂದೆ ತಿಳಿ ನೀಲಿ.

ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದ ತ್ವಾನ್ ತನ್ನ ಮದುವೆಯಲ್ಲೂ ಕೋಟು ಹಾಕಿದವನಲ್ಲ. ಆದರೂ ಆ ಉಡುಪು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದುರು ಗೋಡೆಯಲ್ಲಿ, ಹಿರಿಯರ ಪೀಠದ ಮೇಲೆ, ಊದುಬತ್ತಿಯ ಹಿಂದೆ, ಪಟದೊಳಗೆ, ಅವನ ಅಪ್ಪ ಅದೇ ಕೋಟಿನಲ್ಲಿ ಕೂತಿದ್ದ. ಬದುಕಿದ್ದಷ್ಟು ಕಾಲವೂ ಚಡ್ಡಿಯಲ್ಲೇ ಮೀನು ಹಿಡಿದವನಿಗೆ ಸತ್ತ ಮೇಲೆ ಸ್ಟುಡಿಯೋದವನು ತೊಡಿಸಿದ ಕೋಟು ಅದು. ಹೈಫಾಂಗಿನ ಆ ಗಲ್ಲಿಯಲ್ಲಿ ಕರಿ ಕೋಟು, ನೀಲಿ ಹಿನ್ನೆಲೆ ಎಂದರೆ ಅರ್ಥ ಒಂದೇ: ಸತ್ತವನ ಪಟ.

ತ್ವಾನ್ ಕುರ್ಚಿಯಲ್ಲಿ ಕುಸಿದ. ಹೋದ ವಾರವಷ್ಟೇ ಅವನ ಎದೆಯ ಪರೀಕ್ಷೆಯಾಗಿತ್ತು. ಡಾಕ್ಟರನ್ನು ಕಂಡು ಬಂದವಳು ಲ್ಯೂ. "ಏನೂ ಇಲ್ವಂತೆ ರೀ," ಎಂದು ಮುಖ ತಿರುಗಿಸಿಕೊಂಡು ಹೇಳಿದ್ದಳು. ಮುಖ ಯಾಕೆ ತಿರುಗಿಸಬೇಕಿತ್ತು? ಇವತ್ತು ಏಡಿ ಯಾಕೆ? ಸಾಯುವವನ ಆಸೆ ತೀರಿಸುವುದಕ್ಕೇ ಇರಬೇಕು.

ಬಡಾವಣೆಯ ಸಭಾಭವನದಲ್ಲಿ ಹೆಂಗಸರಿಗೆ ಫೋಟೋ ತಿದ್ದುವ ತರಗತಿ ಶುರುವಾದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಲ್ಯೂ ಹಟ ಬಿಡಲಿಲ್ಲ. ಹಳೆಯ ಕಂಪ್ಯೂಟರ್ ತಂದಳು, ಅದಕ್ಕೆ ಅಗಲವಾದ ಪರದೆ ತಂದಳು, ಗೀಚಿದ್ದು ಪರದೆಯಲ್ಲಿ ಮೂಡುವ ಹಲಗೆಯನ್ನೂ ಪೆನ್ನನ್ನೂ ತಂದಳು. ಮೊದಮೊದಲು ಮೊಮ್ಮಗಳ ಮೂಗು ಕಿವಿಯ ಹತ್ತಿರ ಹೋಗಿ ಕೂತಿತ್ತು. ಈಗ ನೋಡಿದರೆ ಕೂದಲಿನ ಅಂಚು ಕೂಡ ಎಲ್ಲೂ ಒಡೆದಿಲ್ಲ. ಕೆನ್ನೆಯ ಕಲೆಗಳು ಮಾಯ. ಬದುಕಿದ್ದಾಗ ತಾನು ಇಷ್ಟು ಚೆನ್ನಾಗಿರಲೇ ಇಲ್ಲ ಎನಿಸಿ, ಹಾಗೆ ಎನಿಸಿದ್ದಕ್ಕೇ ಅವನು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡ.

ಊಟದ ಹೊತ್ತಿಗೆ ಧೈರ್ಯ ಮಾಡಿ ಕೇಳಿದ. "ಈಗೇನು ಕಲಿಸ್ತಿದ್ದಾರೆ?"

"ಹೊಗೆ ಹಿಡಿದ ಚಿತ್ರ ಸರಿ ಮಾಡೋದು," ಎಂದಳು ಲ್ಯೂ, ಏಡಿಯ ಕಾಲು ಮುರಿದು ಅವನ ಬಟ್ಟಲಿಗೆ ಹಾಕುತ್ತ. "ಬಲು ಕಷ್ಟ ರೀ. ಪೂರ್ತಿ ಕೆಡೋಕೆ ಮುಂಚೆನೇ ಕೈ ಹಾಕ್ಬೇಕಂತೆ."

ತ್ವಾನ್ ಏಡಿಯನ್ನು ಬಟ್ಟಲಲ್ಲೇ ಬಿಟ್ಟ. ಬಾಗಿಲ ಮೂಲೆಯಲ್ಲಿ ಅವನ ಬಿದಿರಿನ ಹುಕ್ಕಾ ಒರಗಿತ್ತು. ಮದುವೆಗೂ ಮುಂಚಿನ ಸಂಗಾತಿ ಅದು. ಅದಕ್ಕಾಗಿ ಲ್ಯೂ ಅತ್ತಿದ್ದಳು, ಬೈದಿದ್ದಳು, ತವರಿಗೂ ಹೋಗಿ ಬಂದಿದ್ದಳು. ಅವನು ಎದ್ದು ಅದನ್ನು ಎತ್ತಿಕೊಂಡು ಹೋಗಿ ಗಲ್ಲಿಯ ಕಸದ ಗಾಡಿಗೆ ಹಾಕಿಬಂದ. ಲ್ಯೂ ಏನೂ ಕೇಳಲಿಲ್ಲ. ಅದೂ ಅನುಮಾನಕ್ಕೆ ಎಡೆಯಾಯಿತು.

ಮರುದಿನ ಬಾದಾಮಿ ಮರದ ಕೆಳಗಿನ ಚದುರಂಗದ ಕಟ್ಟೆಯಲ್ಲಿ ಅವನಿಗೆ ಇನ್ನೊಂದು ಸಂಗತಿ ಹೊಳೆಯಿತು. ಗಲ್ಲಿಗೆ ಏನೋ ಬಡಿದಿದೆ. ಬಿಯರ್ ಇಲ್ಲದೆ ಕಾಯಿ ಮುಟ್ಟದ ಖಾಂಗ್ ಎಳನೀರು ಹೀರುತ್ತಿದ್ದ. ಕೋಳಿ ಅಂಕದಲ್ಲಿ ಮನೆಯ ಫ್ಯಾನನ್ನೂ ಸೋತಿದ್ದ ಬಾವ್ ಹೆಂಡತಿಯ ಚೀಲ ಹೊತ್ತು ಸೊಪ್ಪು ತರುತ್ತಿದ್ದ.

"ಏನಯ್ಯಾ, ಅಂಕಕ್ಕೆ ಹೋಗ್ಲಿಲ್ವಾ?"

"ಕೇಳ್ಬೇಡ ಮಾರಾಯಾ," ಎಂದ ಬಾವ್ ಸಣ್ಣ ದನಿಯಲ್ಲಿ. "ಇರೋಷ್ಟು ದಿನ ಅವಳ ಜೊತೆ ಚೆನ್ನಾಗಿರೋಣ ಅಂತ." ಅವನ ಕಣ್ಣು ತುಂಬಿತು. ಪಾಪ, ಇವನಿಗೂ ಡಾಕ್ಟರು ಗಡುವು ಕೊಟ್ಟಿರಬೇಕು ಎಂದುಕೊಂಡ ತ್ವಾನ್.

ಹಳೆಯ ಹಾಗೇ ಉಳಿದವನು ಡಾಂಗ್ ಒಬ್ಬನೇ. ಬೆಳಗ್ಗೆಯೇ ಅಕ್ಕಿ ಸಾರಾಯಿ ಏರಿಸಿ ತೊಡೆ ತಟ್ಟಿಕೊಂಡು ನಗುತ್ತಿದ್ದ. "ಏನ್ರೋ, ಎಲ್ಲಾ ಸನ್ಯಾಸಿಗಳಾದ್ರಾ? ಪುಕ್ಕಲು ನನ್ಮಕ್ಕಳು! ನಾನಂತೂ ಬಿಡೋನಲ್ಲ."

ಎದೆ ಹಿಡಿದುಕೊಂಡೇ ತ್ವಾನ್ ದಿನ ದೂಡಿದ. ಪಾತ್ರೆ ತೊಳೆದ. ಅತ್ತೆಗೆ ತಾನೇ ಫೋನು ಮಾಡಿದ. ಸಂಜೆ ಲ್ಯೂಳ ಜೊತೆ ಕೆರೆಯ ಸುತ್ತ ನಡೆದ. ಮದುವೆಯಾದ ಹೊಸದರಲ್ಲಿ ನಡೆದದ್ದು ಬಿಟ್ಟರೆ ಈಗಲೇ. ಅವಳು ಅವನ ತೋಳು ಹಿಡಿದು ನಗುವಾಗ ಅವನಿಗೆ ಅಳು ಬರುತ್ತಿತ್ತು. ಇಷ್ಟು ಸುಖವನ್ನು ಇಷ್ಟು ದಿನ ಹೊಗೆಗೆ ಬಿಟ್ಟುಕೊಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ.

ತಡೆಯಲಾರದೆ ಒಂದು ದಿನ ಡಾಕ್ಟರ ಬಳಿಗೆ ಓಡಿದ. "ನಿಜ ಹೇಳಿ. ಎಷ್ಟು ದಿನ?"

"ಎಷ್ಟು ದಿನ ಏನು ತಾತಾ? ಗಟ್ಟಿಮುಟ್ಟಾಗಿದ್ದೀರಿ! ಹೋದ ಸಲನೂ ಏನೂ ಇರ್ಲಿಲ್ಲ. ಈಗ ಕೆಮ್ಮೂ ನಿಂತಿದೆ."

ತ್ವಾನನಿಗೆ ಮೊದಲು ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ನೆತ್ತಿಗೆ ಸಿಟ್ಟೇರಿತು. ಹಾಗಾದರೆ ಬದುಕಿರುವವನನ್ನು ಗೋಡೆಗೇರಿಸಲು ಇವಳಿಗೆ ಏನು ಅವಸರ? ಕೇಳಿಯೇಬಿಡೋಣ ಎಂದು ನೇರವಾಗಿ ಸಭಾಭವನಕ್ಕೆ ನಡೆದ. ತರಗತಿಯ ಬಾಗಿಲು ಓರೆಯಾಗಿತ್ತು. ಹೆಂಗಸರ ನಗು ಹೊರಗಿನವರೆಗೂ ಕೇಳುತ್ತಿತ್ತು.

ಇಣುಕಿದ. ಒಂದು ಪರದೆಯ ಮೇಲೆ ಕರಿ ಕೋಟಿನ ಖಾಂಗ್. ಪಕ್ಕದ್ದರಲ್ಲಿ ಕರಿ ಕೋಟಿನ ಬಾವ್. ಹಿಂದೆಲ್ಲ ತಿಳಿ ನೀಲಿ. ಮುಂದಿನ ಸಾಲಿನಲ್ಲಿ ಡಾಂಗನ ಹೆಂಡತಿ ಹ್ವಾ, ಪೆನ್ನು ಹಿಡಿದು, ತನ್ನ ಗಂಡನ ಕೊರಳಿಗೆ ಟೈ ಜೋಡಿಸುತ್ತಿದ್ದಳು.

"ಸಾಕಾ ಅಕ್ಕಾ?" ಎಂದಳು ಅವಳು.

ಲ್ಯೂ ಬಗ್ಗಿ ನೋಡಿ, ತುಟಿಯ ಬಣ್ಣವನ್ನು ತುಸು ಬಿಳುಚಿಸಿ, ಅವಳ ಬೆನ್ನು ತಟ್ಟಿದಳು: "ಸಾಕು ಕಣೇ, ಇನ್ನು ಅವ್ನು ಮನೆಗೆ ಬರೋ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಆರಿಸೋದನ್ನ ಮರ್ತು ಮಾರ್ಕೆಟ್ಟಿಗೆ ಹೋಗ್ಬಿಡು."