ಯಾರೂ ಓಡಾಡದ ಜಾಗ

‘ಈಗ ಈ ಜಾಗವನ್ನು ಬಳಸುವವರು ಎಷ್ಟು ಜನ?’ ಎಂಬ ಅರ್ಜಿಯ ಸಾಲಿಗೆ ಬಂದಾಗ ನಗರಸಭೆಯ ಟೈಪಿಸ್ಟ್ ಹುಡುಗಿಯ ಬೆರಳುಗಳು ನಿಂತವು.

“ಸೊನ್ನೆ ಹಾಕಮ್ಮ,” ಎಂದರು ಇಂಜಿನಿಯರ್, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ. “ಈ ಪಾರ್ಕಿಗೆ ಅನುದಾನ ಕೇಳಿ ಕೇಳಿ ಮೂರು ವರ್ಷದಿಂದ ನನ್ನ ಚಪ್ಪಲಿ ಸವೀತು. ಖಾಲಿ ಜಾಗ ಅಂದ್ರೇನೇ ಸರ್ಕಾರದವರು ಕೊಡೋದು. ಆಮೇಲೆ ಬೇಲಿ, ವಾಕಿಂಗ್ ದಾರಿ, ಬೆಳಿಗ್ಗೆ ಹತ್ತು ಗಂಟೆಗೆ ತೆಗೆಯೋ ಗೇಟು, ಎಲ್ಲಾ ಬರುತ್ತೆ.”

ಹುಡುಗಿಯ ಅಮ್ಮ ಆಸ್ಪತ್ರೆಯ ಕಸ ಗುಡಿಸಲು ಹೊರಡುವುದು ಬೆಳಿಗ್ಗೆ ಆರಕ್ಕೆ. ಆ ಖಾಲಿ ಜಾಗದ ನಡುವಿನ ಕಾಲುದಾರಿ ಮುಚ್ಚಿದರೆ ನೋಯುವ ಮಂಡಿ ಎಳೆದುಕೊಂಡು ಊರೆಲ್ಲ ಸುತ್ತಬೇಕು. ಹುಡುಗಿ ಬಗ್ಗಿ, ಅದೇ ದಾರಿಯಲ್ಲಿ ಬರುವಾಗ ಲಂಗದಂಚಿಗೆ ಅಂಟಿದ್ದ ಹುಲ್ಲುಮುಳ್ಳು ಕಿತ್ತಳು. ಸೊನ್ನೆ ಒತ್ತಿ, ಅಳಿಸಿ, ‘ಇಬ್ಬರು’ ಎಂದು ಟೈಪ್ ಮಾಡಿದಳು.

“ಯಾರಮ್ಮ ಆ ಇಬ್ಬರು?”

ಎಂದೂ ತಲೆಯೆತ್ತಿ ಮಾತಾಡದವಳು ಮುಳ್ಳನ್ನು ಅವರ ಮೇಜಿನ ಮೇಲಿಟ್ಟಳು. “ನಾನು, ನಮ್ಮಮ್ಮ ಸಾರ್.”